ಯಾರೂ ಮುಟ್ಟದ ಲೈನು

ಆಷಾಢದ ಗಾಳಿ ಇನ್ನೂ ನಿಂತಿರಲಿಲ್ಲ, ದನಗಳು ಮನೆಗೆ ತಿರುಗುವ ಹೊತ್ತು. ಇದೆಲ್ಲ ಶುರುವಾದದ್ದು ಆಗ. ಶುರುವಾಯಿತು ಅಂತ ಆವತ್ತು ಯಾರಿಗೂ ಗೊತ್ತಾಗಲಿಲ್ಲ, ಶಂಕರಪ್ಪನಿಗಂತೂ ಇಲ್ಲವೇ ಇಲ್ಲ. ಮಾಡುಗುಲ ದಾಟಿ ಬೆಟ್ಟದ ಬುಡಕ್ಕೆ ಹೋದರೆ ಬೂರುಗುವಲಸೆ ಅಂತ ಒಂದು ಸಣ್ಣ ಊರು. ಅಲ್ಲಿ ಸೀತಾಮಹಾಲಕ್ಷ್ಮಿ ಎಂಬ ಆಶಾ ಕಾರ್ಯಕರ್ತೆಯ ಮನೆ. ಆ ಮನೆಯ ದೇವರ ಗೂಡಿನ ಪಕ್ಕದಲ್ಲಿ ಅವನು ಅಂಗೈಯಗಲದ ಒಂದು ಬಿಳಿ ಪೆಟ್ಟಿಗೆ ಕೂರಿಸಿದ. ಪೆಟ್ಟಿಗೆಯ ಮೂಲೆಯಲ್ಲಿ ಹಸಿರು ದೀಪ ಹತ್ತಿತು. ಕೈ ಒರೆಸಿಕೊಳ್ಳುತ್ತ ಅವನು ತನ್ನ ಬಳ್ಳಾರಿ ಕಡೆಯ ತೆಲುಗಿನಲ್ಲಿ, "ನೋಡಮ್ಮ, ಮನೇಲಿ ದೀಪ ಹಚ್ಚಿದ ಮೇಲೆ ಮಲಗೋ ತನಕ ಈ ಲೈನು ಯಾರೂ ಮುಟ್ಟಬಾರದು. ಫೋನೂ ಇದಕ್ಕೆ ಸೇರಿಸಬಾರದು. ಮುಗೀತು ಅಂತ ನಾನೇ ಬಂದು ಹೇಳ್ತೀನಿ" ಎಂದ. ಬಾಗಿಲಿಗೆ ಒರಗಿ ನಿಂತಿದ್ದ ಮಗಳು ಸಾಯಿಪ್ರಿಯಾ, "ಮುಟ್ಟಿದ್ರೆ ಏನಾಗುತ್ತೆ ಅಂಕಲ್?" ಅಂದಳು. "ಮುಟ್ಟಿದ್ರೆ ಊರಿಗೆ ಊರೇ ಲೈನ್ ಕಟ್" ಎಂದು ಅವನು ನಕ್ಕ. ಹುಡುಗಿಯೂ ನಕ್ಕಳು. ತಾಯಿ ನಗಲಿಲ್ಲ. ಆಫೀಸಿನಿಂದ ಬಂದವರು ನಗುತ್ತ ಹೇಳಲಿ, ಬೈದು ಹೇಳಲಿ, ಅವಳಿಗೆ ಹೇಳಿದ್ದು ಹೇಳಿದ್ದೇ. ಅವಳು ತಲೆಯಾಡಿಸಿ, ಕುಂಕುಮದ ಬಟ್ಟಲಿನಿಂದ ಒಂದು ಬೊಟ್ಟು ತೆಗೆದು ಪೆಟ್ಟಿಗೆಯ ನೆತ್ತಿಗೆ ಇಟ್ಟಳು.

ಕೆಲಸ ಅಂದರೆ ಇಂಥದೇ. ಯಾವ ಕಂಪನಿಯೂ ತಾನಾಗಿ ಹೋಗದ ಊರುಗಳಿಗೆ ಇಂಟರ್‌ನೆಟ್ಟಿನ ತಂತಿ ಎಳೆಯಲು ಸರ್ಕಾರ ದುಡ್ಡು ಕೊಡುತ್ತದೆ. ಕೊಟ್ಟ ಮೇಲೆ ಲೆಕ್ಕ ಕೇಳುತ್ತದೆ: ಎಳೆದ ತಂತಿಯಲ್ಲಿ ಹೇಳಿದಷ್ಟು ವೇಗ ಬರುತ್ತದೋ ಇಲ್ಲವೋ, ಅಳೆದು ತೋರಿಸಿ. ಆಫೀಸಿನಲ್ಲಿ ಕೂತು ಅಳೆದರೆ ಆಗದು, ಅವರೇ ಆರಿಸಿದ ಮನೆಗಳಲ್ಲಿ ಅಳೆಯಬೇಕು. ಮಟಮಟ ಮಧ್ಯಾಹ್ನ ಅಳೆದರೂ ಆಗದು, ಎಲ್ಲರೂ ಮನೆ ಸೇರಿ ಫೋನು ಹಿಡಿಯುವ ಸಂಜೆ ಹೊತ್ತಿನಲ್ಲೇ ಅಳೆಯಬೇಕು. ಹತ್ತು ಸಲ ಅಳೆದರೆ ಎಂಟು ಸಲವಾದರೂ ಮಾತಿಗೆ ಹತ್ತಿರ ಬರಬೇಕು. ಬಾರದಿದ್ದರೆ ಮುಂದಿನ ಕಂತು ಇಲ್ಲ. ಅಳೆಯುವುದು ಪೆಟ್ಟಿಗೆ, ಮನುಷ್ಯನಲ್ಲ. ಆದರೆ ಆ ಪೆಟ್ಟಿಗೆಗೆ ಒಂದು ಗುಣವಿದೆ. ಮನೆಯವರು ಲೈನು ಬಳಸುತ್ತಿದ್ದರೆ ಅದು ಅಳೆಯದೆ ಕಾಯುತ್ತದೆ, ಊಟಕ್ಕೆ ಕೂತವರನ್ನು ಎಬ್ಬಿಸದ ನೆಂಟನ ಹಾಗೆ. ಕಾದು ಕಾದು ಹೊತ್ತು ಮೀರಿದರೆ, ತಪ್ಪಿದ ಅಳತೆಗೆ ಕಂಪನಿ ಉತ್ತರ ಕೊಡಬೇಕು. ಅದಕ್ಕೇ ಪೆಟ್ಟಿಗೆ ಕೂರಿಸಲು ಹೋದವರೆಲ್ಲ ಮನೆಯವರಿಗೆ ಸಂಜೆ ಲೈನು ಬಳಸಬೇಡಿ ಅನ್ನುತ್ತಿದ್ದರು. ಹೀಗೆ ಹೇಳಿ ಅಂತ ಯಾರೂ ಹುಕುಂ ಮಾಡಿರಲಿಲ್ಲ, ಬಾಯಿಂದ ಬಾಯಿಗೆ ಬಂದ ರೂಢಿ. ಖಾಲಿ ರಸ್ತೆಯಲ್ಲಿ ಬಸ್ಸು ಓಡಿಸಿ, ಬಸ್ಸು ಬೇಗ ಮುಟ್ಟುತ್ತದೆ ಅಂದ ಹಾಗೆ. ಸುಳ್ಳೇನಲ್ಲ. ಮುಟ್ಟುತ್ತದೆ. ಹತ್ತಿದವರು ಯಾರೂ ಇಲ್ಲ, ಅಷ್ಟೆ.

ಅಳತೆಯ ವಾರ ಮುಗಿಯಿತು. ಹೋಗಿ ಹೇಳುವುದನ್ನು ಶಂಕರಪ್ಪ ಮರೆತ. ಮರೆಯಲು ದೊಡ್ಡ ಕಾರಣವೇನೂ ಇರಲಿಲ್ಲ. ಜ್ವರ ಬಂದಿರಲಿಲ್ಲ, ಯಾರೂ ಸತ್ತಿರಲಿಲ್ಲ. ಒಂದು ಕಾರಣವಾದರೂ ಇದ್ದಿದ್ದರೆ ಅದನ್ನು ಹಿಡಿದುಕೊಂಡು ಕೂರಬಹುದಿತ್ತು ಎಂದು ಈಗ ವಿಜಯವಾಡದ ಗಾಡಿಯಲ್ಲಿ ಕಿಟಕಿ ಪಕ್ಕ ಕೂತು ಅನಿಸುತ್ತದೆ. ಭಾದ್ರಪದದ ಒಂದು ಗುರುವಾರ. ವಿಶಾಖಪಟ್ಟಣದಿಂದ ಕತ್ತಲಿರುವಾಗಲೇ ಹೊರಟ ಗಾಡಿ ತುನಿ ದಾಟಿದೆ, ಗದ್ದೆಗಳಲ್ಲಿ ನೀರು ಬೆಳ್ಳಗೆ ನಿಂತಿದೆ. ಅಲ್ಲಿಯ ಸಭೆಯಲ್ಲಿ ಹೇಳಬೇಕಾದ ಒಂದು ವಾಕ್ಯವನ್ನು ಇವನು ಬಾಯಲ್ಲೇ ಕಟ್ಟುತ್ತಿದ್ದಾನೆ. 'ಅಮ್ಮಾ, ಆ ಮನೆಯವರಿಗೆ ಮುಟ್ಟಬೇಡಿ ಅಂತ ಹೇಳಿದವನು ನಾನೇ.' ಮೊದಲು ಕನ್ನಡದಲ್ಲಿ ಹುಟ್ಟುತ್ತದೆ, ಆಮೇಲೆ ತೆಲುಗಾಗುತ್ತದೆ, ತೆಲುಗಾಗುವಾಗ 'ನಾನೇ' ಎನ್ನುವುದು ಎಲ್ಲೋ ಜಾರಿಹೋಗಿ, ಹೇಳಿದವರು ಯಾರೋ ಎಂಬಂತಾಗುತ್ತದೆ. ಮತ್ತೆ ಕಟ್ಟುತ್ತಾನೆ. ತುಟಿ ಅಲ್ಲಾಡಿದ್ದು ಕಂಡು ಎದುರಿನ ಹೆಂಗಸು ಜಪ ಮಾಡುತ್ತಿದ್ದಾನೆಂದು ತಿಳಿದು ಕಾಲು ಸರಿಸಿ ಜಾಗ ಕೊಟ್ಟಳು. ಅದಕ್ಕೂ ನಾಚಿಕೆಯಾಯಿತು. ಅರುವತ್ತು ದಾಟಿದ ಮನುಷ್ಯ, ವಿಜಯವಾಡದ ಪಕ್ಕದ ಇಬ್ರಾಹಿಂಪಟ್ನಂ ಪವರ್ ಸ್ಟೇಷನ್ನಿನ ಕಾಲೊನಿ ಟೆಲಿಫೋನು ನೋಡಿಕೊಂಡು ತಲೆ ನರೆಸಿದವನು, ರಿಟೈರಾದ ಮೇಲೂ ಮನೆಯಲ್ಲಿ ಕೂರಲಾರದೆ ಹೆಂಡತಿಯನ್ನು ಅಲ್ಲೇ ಬಿಟ್ಟು, ವಿಶಾಖಪಟ್ಟಣ ಬಂದರಿನ ಗೋಡೆ ಪಕ್ಕದ ಒಂದು ರೂಮಿನಲ್ಲಿ ಅಡುಗೆ ಬೇಯಿಸಿಕೊಂಡು ಈ ಕೆಲಸ ಹಿಡಿದವನು. ಕಾಲೊನಿಯಲ್ಲಿ ಸಾಹೇಬರು ಇನ್ಸ್‌ಪೆಕ್ಷನ್ನಿಗೆ ಬರುವ ದಿನ ಇವನು ಬೇರೆಯವರ ತಂತಿಗಳನ್ನು ಒಂದಷ್ಟು ಹೊತ್ತು ಕಳಚಿಡುತ್ತಿದ್ದ. ಸಾಹೇಬರ ಫೋನು ಗಂಟೆ ಹೊಡೆದ ಹಾಗೆ ಕೇಳುತ್ತಿತ್ತು. 'ಗುಡ್ ಶಂಕರಪ್ಪ' ಅನ್ನುತ್ತಿದ್ದರು. ಆ 'ಗುಡ್' ಎಷ್ಟು ಸಿಹಿಯಾಗಿತ್ತು ಎಂಬುದು ಇವತ್ತಿಗೂ ನಾಲಿಗೆಯ ಮೇಲಿದೆ.

ಶ್ರಾವಣದಲ್ಲಿ ಅವನು ಮತ್ತೆ ಬೂರುಗುವಲಸೆಗೆ ಹೋದದ್ದು ಬೇರೆ ಯಾರದೋ ಮನೆಯ ತಂತಿ ಸರಿಮಾಡಲು. ಬಂದದ್ದಾಯಿತಲ್ಲ, ಪೆಟ್ಟಿಗೆ ಹೇಗಿದೆ ನೋಡೋಣವೆಂದು ಸೀತಾಮಹಾಲಕ್ಷ್ಮಿಯ ಮನೆ ಹೊಕ್ಕ. ಆಗ ತಾನೇ ದೀಪ ಹಚ್ಚಿದ್ದರು. ಹುಣಸೆಹಣ್ಣಿನ ಗುಡ್ಡೆಯ ಮುಂದೆ ಸಾಯಿಪ್ರಿಯಾ ಬೀಜ ಬಿಡಿಸುತ್ತ ಕೂತಿದ್ದಳು, ತಲೆಯೆತ್ತಲಿಲ್ಲ. ತಾಯಿ ಚೊಂಬಿನಲ್ಲಿ ನೀರು ಕೊಟ್ಟು, ಪೆಟ್ಟಿಗೆಯ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿ, "ನೋಡಿ ಅಣ್ಣಯ್ಯಾ, ನೀವು ಹೇಳಿ ಹೋದ ಮೇಲೆ ದೀಪ ಹಚ್ಚಿದ ಹೊತ್ತಿಂದ ಒಂದು ದಿನವಾದರೂ ಮುಟ್ಟಿದೀವಾ ಕೇಳಿ. ಆವತ್ತು ಕೂಡ ಮುಟ್ಟಲಿಲ್ಲ" ಎಂದಳು. ಅವಳ ದನಿಯಲ್ಲಿ ದೂರು ಇರಲಿಲ್ಲ, ವ್ರತ ಮುಗಿಸಿದವರ ದಣಿವು ಇತ್ತು. "ಯಾವತ್ತು?" ಅಂದ ಶಂಕರಪ್ಪ. ಆಗ ಒಂದೊಂದಾಗಿ ಹೊರಬಂತು. ಮಗಳಿಗೆ ನರ್ಸಿಂಗ್ ಕಾಲೇಜಿಗೆ ಅಂಕ ಬಂದಿತ್ತು. ಯಾವ ಯಾವ ಕಾಲೇಜು ಬೇಕೆಂದು ಫೋನಿನಲ್ಲೇ ಒತ್ತಿ ಕಳಿಸಬೇಕು, ಅದಕ್ಕೊಂದು ಕೊನೆಯ ದಿನ. ಮನೆಗೆ ಇರುವುದು ಒಂದೇ ಫೋನು. ಅದು ಹಗಲೆಲ್ಲ ತಾಯಿಯ ಜೊತೆ ಬಸುರಿ ಬಾಣಂತಿಯರ ಮನೆ ಸುತ್ತುತ್ತದೆ, ಅವರ ಫೋಟೋ ತೆಗೆದು ಕಳಿಸಿದರೇ ಅವಳ ಹಾಜರಿ. ಆ ದಿನ ಅತ್ತ ಬೆಟ್ಟದ ಮೇಲೆ ಒಬ್ಬಳಿಗೆ ಹೆರಿಗೆ ನೋವು ಎದ್ದು, ಮನೆ ಮುಟ್ಟುವಷ್ಟರಲ್ಲಿ ದೀಪ ಹಚ್ಚಿ ಆಗಿತ್ತು. ಊರಿನಲ್ಲಿ ಟವರ್ ಇಲ್ಲ. ಹುಣಸೆಮರದ ದಿಬ್ಬದ ಮೇಲೆ ನಿಂತರೆ ಮಾತಿಗೆ ಸಾಲುವಷ್ಟು ಸಿಗ್ನಲ್ಲು, ಅಷ್ಟೇ. ಇರುವ ದಾರಿಯೆಂದರೆ ಗೋಡೆಯ ಮೇಲಿನ ಈ ಲೈನು. ಮಗಳು ಅತ್ತಳು, ಬೈದಳು, ಫೋನು ಕಿತ್ತುಕೊಳ್ಳಲು ಬಂದಳು. ತಾಯಿ ಕೊಡಲಿಲ್ಲ. 'ನಿನ್ನೊಬ್ಬಳ ಸೀಟಿಗೆ ಊರಿನ ಲೈನು ಹೋದರೆ ನಾಳೆ ಯಾರ ಮುಖ ನೋಡಲಿ?' ಬೆಳಿಗ್ಗೆ ಎದ್ದು ಒತ್ತಿದರೆ ಬಾಗಿಲು ಮುಚ್ಚಿತ್ತು.

ಶಂಕರಪ್ಪ ಚೊಂಬು ಕೆಳಗಿಟ್ಟ. ಅಳತೆ ಆ ದಿನಕ್ಕೆ ಮುಂಚೆಯೇ ಮುಗಿದಿತ್ತು. ಆ ರಾತ್ರಿ ಅವರು ಲೈನನ್ನು ಹಗ್ಗ ಕಟ್ಟಿ ಜಗ್ಗಿದ್ದರೂ ಯಾರಿಗೂ ಏನೂ ಆಗುತ್ತಿರಲಿಲ್ಲ. "ಮುಗಿದಿತ್ತಮ್ಮ, ಆಗಲೇ ಮುಗಿದಿತ್ತು. ಬಳಸಬಹುದಾಗಿತ್ತು" ಅಂದ, ಅಂದ ಮೇಲೆ ಯಾಕಾದರೂ ಅಂದೆನೋ ಅನಿಸಿತು, ಯಾಕೆಂದರೆ ತಾಯಿಯ ಮುಖದಲ್ಲಿದ್ದ ಆ ವ್ರತದ ಕಳೆಯೂ ಅಷ್ಟರಲ್ಲಿ ಆರಿಹೋಯಿತು. ಅವಳು ಪೆಟ್ಟಿಗೆಯನ್ನು ನೋಡಿದಳು, ಅವನನ್ನು ನೋಡಲಿಲ್ಲ. ಮೂಲೆಯಿಂದ ಸಾಯಿಪ್ರಿಯಾ ಹುಣಸೆಬೀಜ ಬಿಡಿಸುವ ಕೈ ನಿಲ್ಲಿಸದೆ ಕೇಳಿದಳು: "ಪೆಟ್ಟಿಗೆಗಾದ್ರೂ ಸೀಟು ಸಿಕ್ತಾ ಅಂಕಲ್?"

ಆ ಮಾತು ಅವತ್ತಿನಿಂದ ಅವನ ಕಿವಿಯಲ್ಲೇ ಬಿಡಾರ ಹೂಡಿದೆ. ಬಂದರಿನಲ್ಲಿ ಕ್ರೇನು ಕಿರುಗುಟ್ಟಿದರೂ ಅದೇ ಕೇಳುತ್ತದೆ. ಆದರೆ ಅದಕ್ಕಿಂತ ಕೆಳಗೆ, ಬಾವಿಯ ತಳದ ಕೆಸರಿನಲ್ಲಿ ಬಿದ್ದ ಹಾಗೆ, ಇನ್ನೊಂದು ಇದೆ. ಅದನ್ನು ಅವನು ಯಾರಿಗೂ ಹೇಳಿಲ್ಲ, ಹೆಂಡತಿಗೂ ಹೇಳಿಲ್ಲ. ಆ ಕೊನೆಯ ದಿನದ ಸಂಜೆ ಅವನು ರೂಮಿನಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದ. ಒಲೆಯ ಮೇಲೆ ಎಣ್ಣೆ ಕಾಯುತ್ತಿತ್ತು. ಫೋನು ಬಡಿದುಕೊಂಡಿತು. 'ಬೂರುಗು ಸೀತಾ' ಎಂದು ಹೆಸರು ಮೂಡಿತು. ಕರೆಂಟಿಲ್ಲ ಅಂತಲೋ ಪೆಟ್ಟಿಗೆ ದೀಪ ಆರಿತು ಅಂತಲೋ ಇರಬೇಕು, ನಾಳೆ ನೋಡಿದರಾಯಿತು ಎಂದುಕೊಂಡ. ಕೈಗೆ ಬೆಳ್ಳುಳ್ಳಿ ಅಂಟಿತ್ತು. ಫೋನು ತಾನಾಗಿಯೇ ಸುಮ್ಮನಾಗುವ ತನಕ ಅದನ್ನೇ ನೋಡುತ್ತ ನಿಂತ. ಒಗ್ಗರಣೆಗೆ ಸಾಸಿವೆ ಹಾಕಿದ, ಸಿಡಿಯಿತು, ಉಂಡ, ಮಲಗಿದ. ನಾಳೆ ಬಂತು, ನೋಡಲಿಲ್ಲ. ಅವಳು ದಿಬ್ಬ ಹತ್ತಿ ನಿಂತು ಕರೆದದ್ದು ಈ ಒಂದೇ ಮಾತು ಕೇಳಲು ಇರಬೇಕು: 'ಅಣ್ಣಯ್ಯಾ, ಇವತ್ತು ಒಂದು ಗಳಿಗೆ ಮುಟ್ಟಬಹುದಾ?' ಶ್ರಾವಣದ ಆ ಸಂಜೆ ಮನೆಯಲ್ಲಿ ಕೂತಾಗ ಅವಳು ಈ ಮಾತೆತ್ತಲಿಲ್ಲ. ಮರೆತಿದ್ದಾಳೋ, ಮನೆಗೆ ಬಂದವನಿಗೆ ಅವಮಾನವಾಗಬಾರದೆಂದು ನುಂಗಿದ್ದಾಳೋ. ಅವನೂ ಎತ್ತಲಿಲ್ಲ. ಇಬ್ಬರ ನಡುವೆ ಆ ಕರೆ ಹಾಗೇ, ಎತ್ತದೆಯೇ, ಉಳಿದುಕೊಂಡಿತು.

ಗಾಡಿ ಗೋದಾವರಿ ಸೇತುವೆಯ ಮೇಲೆ ಗುಡುಗಿತು. ಹುಡುಗಿಯ ಸೀಟಿನ ಬಾಗಿಲು ಪೂರ್ತಿ ಮುಚ್ಚಿಲ್ಲ, ಒಂದು ಸಂದಿ ಇದೆ. ಅದಕ್ಕೇ ಈ ಪ್ರಯಾಣ. ಉಳಿದ ಸೀಟುಗಳಿಗೆ ಕೊನೆಯ ಸುತ್ತು ಶನಿವಾರದ ತನಕ ತೆರೆದಿದೆ. ಸೀಟು ಹಂಚುವ ಆಫೀಸಿಗೆ ತಾಯಿ ಮಗಳು ಹೋಗಿ ಕೈಮುಗಿದಾಗ, 'ಆ ಸಂಜೆ ನಿಮ್ಮ ಲೈನು ಸಿಗಲಿಲ್ಲ ಅಂತ ಲೈನು ಕೊಟ್ಟವರಿಂದ ಬರೆಸಿ ತನ್ನಿ, ನೋಡೋಣ' ಅಂದರಂತೆ. ಆದರೆ ಲೈನು ಸಿಗುತ್ತಿತ್ತು. ಆ ಸಂಜೆ ಅದು ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ಓಡುತ್ತಿತ್ತು, ಯಾರೂ ಮುಟ್ಟದ ಲೈನು ಓಡದೆ ಏನು ಮಾಡುತ್ತದೆ. ಅಳತೆಯ ವಾರ ಮುಗಿದರೂ ಪೆಟ್ಟಿಗೆ ತನ್ನ ಪಾಡಿಗೆ ತಾನು ಅಳೆಯುತ್ತಲೇ ಇದ್ದು, ಹುಡುಗಿಗೆ ವಿರುದ್ಧವಾಗಿ ಸಾಕ್ಷಿ ಕಟ್ಟಿಟ್ಟಿದೆ. ಅದನ್ನು ಸುಳ್ಳು ಮಾಡಬಲ್ಲವನು ಪ್ರಪಂಚದಲ್ಲಿ ಒಬ್ಬನೇ. ಅವನು ಸರ್ಕಾರದ ಪರವಾಗಿ ಲೆಕ್ಕ ಕೇಳುವ ವಿಜಯವಾಡದ ಮಂಡಳಿಯ ಸಭೆಯಲ್ಲಿ ಎದ್ದು ನಿಂತು, ಬೇಡ ಅಂದವನು ನಾನು ಎಂದರೆ, ಮಂಡಳಿಯವರು ಒಂದು ಕಾಗದ ಕೊಟ್ಟಾರು. ಕೊಟ್ಟರೆ ಶನಿವಾರದೊಳಗೆ ಅದನ್ನು ತಲುಪಿಸಿಯಾನು. ಇಷ್ಟೇ ಅವನ ಲೆಕ್ಕ, ತಾಯಿಗೂ ಇದನ್ನೇ ಹೇಳಿದ್ದ. ತುಟಿ ಮತ್ತೆ ಅಲ್ಲಾಡಿತು. ಎದುರಿನ ಹೆಂಗಸು ಈ ಸಲ ಅವನ ಜಪಕ್ಕೆ ಜೊತೆಗೂಡಿ ತಾನೂ ನದಿಗೆ ಕೈಮುಗಿದಳು.

ಸ್ಟೇಷನ್ನಿನಲ್ಲಿ ದಿನಕರ ಕಾರು ತಂದು ಕಾಯುತ್ತಿದ್ದ. ಕಂಪನಿಯ ಮ್ಯಾನೇಜರು, ಪುತ್ತೂರು ಕಡೆಯ ಹುಡುಗ, ಮಾತು ನಯ. ತಾನೇ ಚೀಲ ಇಸಿದುಕೊಂಡ. "ಬನ್ನಿ ಬನ್ನಿ ಶಂಕರಪ್ಪನವರೇ, ಎಂತ, ಮುಖ ಸಣ್ಣ ಆಗಿದೆ? ತಿಂಡಿ ಆಯ್ತಾ? ನೀವು ಎಂತದೂ ಹೆದರ್ಬೇಡಿ ಮಾರಾಯ್ರೇ. ಮನೆಮನೆಗೆ ಹೋದವರು ಒಬ್ಬರು ಬರ್ಲಿ ಅಂತ ಮಂಡಳಿಯ ಮೇಡಮ್ಮಿಗೆ ಹಟ, ಅಷ್ಟೇ. ಸುಮ್ಮನೆ ಕೂತ್ಕೊಳ್ಳಿ, ಕೇಳಿದ್ರೆ ಹೌದು ಹೌದು ಹೇಳಿ."

"ಸರ, ಆ ಬೂರುಗುವಲಸಿ ಹುಡುಗಿ ವಿಷಯ ಫೋನಿನಾಗ ಹೇಳಿದ್ನಲ್ರೀ..."

"ಅದು ಪಾಪ. ಪಾಪವೇ. ಮತ್ತೆ ಮಾತಾಡುವ."

ಸಭೆಯ ಕೋಣೆ ಹಿಮದ ಹಾಗೆ ತಣ್ಣಗಿತ್ತು. ಗೋಡೆಯ ಮೇಲೆ ಊರೂರಿಗೂ ಒಂದೊಂದು ಹಸಿರು ಪಟ್ಟೆ ಮೂಡುತ್ತಿತ್ತು, ದಿನಕರ ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದ. ತುದಿಯ ಕುರ್ಚಿಯಲ್ಲಿ ಕೂತ ಶಂಕರಪ್ಪನಿಗೆ ಬೂರುಗುವಲಸೆಯ ಪಟ್ಟೆ ಎಲ್ಲಕ್ಕಿಂತ ಎತ್ತರ ಕಂಡಿತು. ಒಂದು ಗಳಿಗೆ, ಅವನಿಗೇ ತಿಳಿಯದ ಹಾಗೆ, ಹೆಮ್ಮೆಯಾಯಿತು. ತಾನು ಕೂರಿಸಿದ ಪೆಟ್ಟಿಗೆ. ಆಮೇಲೆ ಆ ಹೆಮ್ಮೆ ಎಲ್ಲಿಂದ ಬಂತೆಂದು ಗಾಬರಿಯಾಗಿ, ಕೈಗಳನ್ನು ಮೇಜಿನ ಕೆಳಗೆ ಬಚ್ಚಿಟ್ಟುಕೊಂಡ. ಮಂಡಳಿಯ ಕನಕದುರ್ಗ ಮೇಡಂ ಕನ್ನಡಕ ಏರಿಸಿ ಹಸಿರು ಪಟ್ಟೆಗಳನ್ನು ನೋಡುತ್ತಿದ್ದಳು. ಒಳ್ಳೆಯ ಮುಖ, ಆತುರವಿಲ್ಲದ ದನಿ. "ಈ ಒಂದು ಮನೆಯಲ್ಲಿ ಮಾತ್ರ ಅಳತೆಯ ವಾರ ಮುಗಿದ ಮೇಲೂ ವಾರಗಟ್ಟಲೆ ಸಂಜೆ ಹೊತ್ತು ಬಳಕೆ ಸೊನ್ನೆ. ಹಗಲು ಇದೆ, ಸಂಜೆ ಇಲ್ಲ. ಯಾಕೆ?" ಅಂದಳು. "ಕರೆಂಟ್ ಹೋಗಿರಬಹುದು ಮೇಡಂ" ಅಂದ ದಿನಕರ. "ಕರೆಂಟ್ ಇಲ್ಲದೆ ನಿಮ್ಮ ಪೆಟ್ಟಿಗೆ ಎಣ್ಣೆ ಹಾಕಿಕೊಂಡು ಓಡ್ತಾ?" ಯಾರೋ ನಕ್ಕರು. ಶಂಕರಪ್ಪ ಎದ್ದು ನಿಂತ. ಕುರ್ಚಿ ಹಿಂದಕ್ಕೆ ಜಾರಿ ಗೋಡೆಗೆ ಬಡಿಯಿತು.

"ಹೇಳಿದವನು ನಾನೇ ಅಮ್ಮಾ."

ಹೇಳಿದ. ಗಾಡಿಯಲ್ಲಿ ಕಟ್ಟಿದ ವಾಕ್ಯ ಒಂದೂ ಬರಲಿಲ್ಲ, ತೆಲುಗಿನ ನಡುವೆ ಕನ್ನಡ ಬಂತು, ಆದರೂ ಹೇಳಿದ. ಮುಟ್ಟಬೇಡಿ ಅಂದದ್ದು, ನಕ್ಕು ಹೆದರಿಸಿದ್ದು, ಮುಗಿದ ಮೇಲೆ ಹೋಗಿ ಹೇಳದೆ ಇದ್ದದ್ದು, ಹುಡುಗಿಯ ಕೊನೆಯ ದಿನ. ಕನಕದುರ್ಗ ಪೆನ್ನು ಕೆಳಗಿಟ್ಟು ಕೇಳಿಸಿಕೊಂಡಳು. ಆಮೇಲೆ ಅವಳು ಮೆಲ್ಲಗೆ ಕೇಳಿದಳು: "ಬೇರೆ ಮನೆಗಳಲ್ಲೂ ಹೀಗೆ ಹೇಳ್ತಿದ್ರಾ?"

ದಿನಕರ ಅವನ ಕಡೆ ನೋಡಲಿಲ್ಲ. ನೀರಿನ ಬಾಟಲಿಯ ಮುಚ್ಚಳವನ್ನು ತಿರುಗಿಸಿ ಬಿಗಿ ಮಾಡುತ್ತಿದ್ದ, ಆಗಲೇ ಬಿಗಿಯಾಗಿದ್ದ ಮುಚ್ಚಳವನ್ನು. ಶಂಕರಪ್ಪನ ಕಣ್ಣ ಮುಂದೆ ಪೆಟ್ಟಿಗೆ ಕೂರಿಸುವ ಉಳಿದವರೆಲ್ಲ ಬಂದರು: ಚೋಡವರಂ ಕಡೆ ಬೈಕಿನಲ್ಲಿ ತಿರುಗುವವರು, ಇದನ್ನೇ ನಂಬಿ ಮದುವೆ ಮಾಡಿಕೊಂಡವರು. ಅವರಿಗೋಸ್ಕರ ಅಂತ ಆಮೇಲೆ ತನಗೆ ತಾನೇ ಹೇಳಿಕೊಂಡ. ಆ ಗಳಿಗೆಯಲ್ಲಿ ಅವರು ಯಾರೂ ಇರಲಿಲ್ಲ. ಅಷ್ಟು ಹೊತ್ತು ಎಲ್ಲರೂ ತನ್ನನ್ನೇ ನೋಡುತ್ತಿರುವುದು ಸಾಕಾಗಿತ್ತು, ಕೂರಬೇಕಿತ್ತು. "ಇಲ್ಲಮ್ಮಾ, ಅದೊಂದೇ ಮನೆ" ಅಂದ. ಕೂತ.

"ನಿಜ ಹೇಳಿದ್ರಿ. ಬಹಳ ಸಂತೋಷ" ಎಂದಳು ಕನಕದುರ್ಗ. ಮನಸ್ಸಿನಿಂದಲೇ ಹೇಳಿದಳು. "ಇಂಥ ಜನ ಬೇಕು ದಿನಕರ್‌ಗಾರು. ಆ ಮನೆಯ ಅಳತೆ ಚೊಕ್ಕ ಇಲ್ಲ, ಅದನ್ನು ತೆಗೆದುಬಿಡಿ. ಅದರ ಬದಲು ಇನ್ನೊಂದು ಮನೆ ಆರಿಸಿ ಕೊಡ್ತೀವಿ. ಉಳಿದದ್ದೆಲ್ಲ ಸರಿ ಇದೆ." ಗೋಡೆಯ ಮೇಲಿನ ಎತ್ತರದ ಹಸಿರು ಪಟ್ಟೆ ಒಂದು ಕೂದಲೆಳೆಯಷ್ಟು ಕುಗ್ಗಿತು. ಅಷ್ಟೇ ಆದದ್ದು.

ಎಲ್ಲರೂ ಎದ್ದ ಮೇಲೆ ಶಂಕರಪ್ಪ ಅವಳ ಹಿಂದೆಯೇ ಬಾಗಿಲ ತನಕ ಹೋದ. "ಅಮ್ಮಾ, ಆ ಹುಡುಗಿಗೆ ಒಂದು ಕಾಗದ... ಆ ಸಂಜೆ ಅವರ ಕೈಗೆ ಲೈನು ಸಿಗಲಿಲ್ಲ ಅಂತ. ಶನಿವಾರ ಕೊನೆ."

ಅವಳು ನಿಂತಳು. ಬೇಕಾಗಿಯೇ ನಿಂತಳು, ಓಡಿಹೋಗುವವಳಲ್ಲ. "ಏನಂತ ಬರೆಯಲಿ ಹೇಳಿ? ನಾವು ಬರೆಯೋದು ಅಳತೆ ನೋಡಿ. ಆ ಮನೆಯ ಅಳತೆ ಈಗ ಲೆಕ್ಕದಲ್ಲೇ ಇಲ್ಲವಲ್ಲ. ಇದ್ದಾಗಲೂ ಅದು ಲೈನು ಚೆನ್ನಾಗಿತ್ತು ಅಂತಲೇ ಹೇಳ್ತಿತ್ತು. ರಸ್ತೆ ಇತ್ತಾ ಇಲ್ಲವಾ ಅನ್ನೋದು ನಮ್ಮ ಕೆಲಸ ಯಜಮಾನರೇ, ನಡೆಯೋರನ್ನ ಯಾರು ತಡೆದ್ರು ಅನ್ನೋದನ್ನ ನಮ್ಮಲ್ಲಿ ಬರೆಯೋಕೆ ಜಾಗ ಇಲ್ಲ." ಅವನ ಭುಜವನ್ನು ಮುಟ್ಟಿದ ಹಾಗೆ ಮಾಡಿ ಮುಟ್ಟದೆ ಹೋದಳು.

ಹೊರಗೆ ಬಿಸಿಲು. ಗಾಡಿಯಂಗಡಿಯಲ್ಲಿ ದಿನಕರ ಮೆಣಸಿನಕಾಯಿ ಬಜ್ಜಿ, ಚಹಾ ಕೊಡಿಸಿದ. "ಎಂತ ಮಾರಾಯ್ರೇ, ನೀವು ಎದ್ದಾಗ ನನ್ನ ಎದೆ ಒಮ್ಮೆ ನಿಂತೇ ಹೋಯ್ತು! ಕಂಪನಿ ಮುಳುಗಿತು ಅಂತ ಎಣಿಸಿದೆ. ನೋಡಿದ್ರೆ ಒಳ್ಳೇದೇ ಆಯ್ತು. ಒಂದು ಮನೆ ಹೋಯ್ತು, ನಮ್ಮ ಮೇಲೆ ನಂಬಿಕೆ ಬಂತು. ಕಂತು ಗ್ಯಾರಂಟಿ." ಕಂಪನಿಯಿಂದಲೇ ಒಂದು ಕಾಗದ ಕೊಡಬಹುದಲ್ಲ ಅಂದದ್ದಕ್ಕೆ ಅವನು ಬಜ್ಜಿ ಊದುತ್ತ, "ಲೈನು ಕೆಟ್ಟಿತ್ತು ಅಂತ ಬರೆದ್ರೆ ಸುಳ್ಳಾಗ್ತದೆ. ಚೆನ್ನಾಗಿತ್ತು ಅಂತ ಬರೆದ್ರೆ ಹುಡುಗಿಗೆ ಪ್ರಯೋಜನ ಇಲ್ಲ. ನಾವೇ ಬೇಡ ಅಂದದ್ದು ಅಂತ ಕಾಗದದಲ್ಲಿ ಬರೆದ್ರೆ ನೀವೂ ನಾನೂ ಮನೆಗೆ. ನೀವೇ ಹೇಳಿ, ಎಂತ ಬರೀಲಿ?" ಅಂದ. ಕೆಟ್ಟವನಲ್ಲ. ಹೇಳಿದ್ದರಲ್ಲಿ ತಪ್ಪು ಹುಡುಕಲು ಶಂಕರಪ್ಪನಿಗೆ ಆಗಲಿಲ್ಲ. "ಆ ಪೆಟ್ಟಿಗೆ ಒಂದು ವಾಪಸು ತಂದ್ಬಿಡಿ ಆಯ್ತಾ, ಹೊಸ ಮನೆಗೆ ಬೇಕು."

ಚಹಾ ಬಿಸಿಯಾಗಿತ್ತು, ಬಜ್ಜಿ ಖಾರವಾಗಿತ್ತು, ಮೈ ಹಗುರವಾಗಿತ್ತು. ಎಣ್ಣೆನೀರು ಹಾಕಿಕೊಂಡು ಎದ್ದ ಹಾಗೆ, ಶ್ರಾವಣದಿಂದ ಎದೆಯ ಮೇಲೆ ಕೂತಿದ್ದದ್ದು ಇಳಿದ ಹಾಗೆ. ಇನ್ನೊಂದು ಬಜ್ಜಿ ತೆಗೆದುಕೊಂಡ. ಹೇಳಿಬಿಟ್ಟೆನಲ್ಲ, ದೊಡ್ಡವರ ಮುಂದೆ ಎದ್ದು ನಿಂತು ಹೇಳಿಬಿಟ್ಟೆನಲ್ಲ. 'ಇಂಥ ಜನ ಬೇಕು' ಎಂದ ದನಿಯನ್ನು ಒಳಗೇ ಇನ್ನೊಮ್ಮೆ ಕೇಳಿಸಿಕೊಂಡ. ಚಹಾ ತಳ ಕಂಡಾಗ ನೆನಪಾಯಿತು, ಹುಡುಗಿಗೆ ಏನೂ ಸಿಕ್ಕಿಲ್ಲ ಎಂದು. ನೆನಪಾಗಬೇಕಾಗಿ ಬಂತಲ್ಲ ಎಂಬುದು ಬಜ್ಜಿಗಿಂತ ಖಾರವಾಗಿತ್ತು. ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತು ಅವನು ಸಾಯಿಪ್ರಿಯಾಳನ್ನು ಪೂರ್ತಿ ಮರೆತು ಸುಖವಾಗಿದ್ದ. ಹಾಗಾದರೆ ತಾನು ಅಷ್ಟು ದೂರದಿಂದ ವಾಕ್ಯ ಕಟ್ಟಿಕೊಂಡು ಬಂದದ್ದು ಯಾರಿಗೆ? ಬರಬೇಕಾದ ಕಾಗದ ಬರದಿದ್ದರೂ ಬಂದ ಹಗುರ ಬಂದೇಬಿಟ್ಟಿತ್ತು. ಹೇಳಿದ್ದೂ ಪೂರ್ತಿಯೇನಲ್ಲ. 'ಅದೊಂದೇ ಮನೆ' ಅಂದದ್ದರಿಂದಲೇ ಆ ಮನೆ ಒಂದೇ ಅಳಿಸಿಹೋಯಿತು. ಎಲ್ಲಾ ಮನೆಯೂ ಅಂದಿದ್ದರೆ? ಅಂದಿದ್ದರೆ ಏನಾಗುತ್ತಿತ್ತೋ ಅವನಿಗೆ ತಿಳಿಯದು. ತಿಳಿಯುವ ದಾರಿಯನ್ನು ತಾನೇ ಕೂತುಕೊಂಡು ಮುಚ್ಚಿದ್ದ.

ಸಂಜೆ ಇಬ್ರಾಹಿಂಪಟ್ನಂ ಮನೆ ಸೇರಿದಾಗ ಸುಲೋಚನಾ ಒಣಗಿದ ಬಟ್ಟೆಗಳನ್ನು ಕೊಡವಿ ಕೊಡವಿ ತೆಗೆಯುತ್ತಿದ್ದಳು. ಪವರ್ ಸ್ಟೇಷನ್ನಿನ ಹೊಗೆಕೊಳವೆಯ ಬೂದಿ ಆ ಬೀದಿಯಲ್ಲಿ ಯಾರ ಬಿಳಿಯನ್ನೂ ಬಿಳಿಯಾಗಿರಲು ಬಿಡುವುದಿಲ್ಲ. ಗಂಡನ ಮುಖ ನೋಡಿ, "ಹೇಳಿದ್ರೇನು?" ಅಂದಳು.

"ಹೇಳಿದೆ."

"ಎಲ್ಲಾ?"

ಅವನು ಚಪ್ಪಲಿ ಬಿಡುತ್ತ ಬಗ್ಗಿದ, ಬಹಳ ಹೊತ್ತು ಬಗ್ಗಿಯೇ ಇದ್ದ.

"ನೀವು ಎಂದು ಎಲ್ಲಾ ಹೇಳೀರಿ ಬಿಡ್ರಿ" ಎಂದಳು ಅವಳು, ಸಿಟ್ಟಿಲ್ಲದೆ. "ಲಗ್ನಕ್ಕ ಮುಂಚೆ ಹೊಸಪ್ಯಾಟ್ಯಾಗ ಸ್ವಂತ ಮನಿ ಐತಿ ಅಂದ್ರಿ, ಮನಿ ಇತ್ತು, ಮ್ಯಾಲೆ ಚಾವಣಿ ಇರಲಿಲ್ಲ. ಕಾಗದಾ ಕೊಟ್ರೇನು?"

"ಇಲ್ಲ."

"ಹಂಗಾರ ಆ ತಾಯಿಗೆ ಫೋನ್ ಹಚ್ರಿ. ಆಗಲಿಲ್ಲ ಅಂತನರ ತಿಳಿಸ್ರಿ. ಕಾಯ್ಕೊಂಡು ಕುಂತಿರ್ತಾಳ."

"ನಾಳೆ ಹಚ್ತೀನಿ" ಅಂದ. ನಾಳೆ ಎಂಬ ಮಾತು ಬಾಯಿಂದ ಹೊರಟದ್ದೇ ತಡ, ಕಾದ ಎಣ್ಣೆಯ ವಾಸನೆ, ಬೆಳ್ಳುಳ್ಳಿಯ ಅಂಟು, ಬಡಿದುಕೊಂಡು ಬಡಿದುಕೊಂಡು ಸುಮ್ಮನಾದ ಫೋನು, ಎಲ್ಲ ಒಟ್ಟಿಗೆ ಬಂದು ಮುಂದೆ ನಿಂತವು. ಆದರೂ ಆ ಸಂಜೆ ಅವನು ಫೋನು ಹಚ್ಚಲಿಲ್ಲ. ಸುಲೋಚನಾ ಬಡಿಸಿದಳು, ಉಂಡ. ಮಗ್ಗುಲು ಬದಲಿಸುತ್ತ ಬದಲಿಸುತ್ತ ಮಲಗಿದ.

ಮರುದಿನ ಬೆಳಿಗ್ಗೆ ಹಚ್ಚಿದ. ಗಾಳಿಯ ಸದ್ದಿನ ಹಿಂದೆ ಸೀತಾಮಹಾಲಕ್ಷ್ಮಿಯ ದನಿ ಬಂತು. ದಿಬ್ಬದ ಮೇಲೆ ಇದ್ದಳೆಂದು ಕಾಣುತ್ತದೆ. "ಅಮ್ಮಾ, ಕಾಗದ ಕೊಡಲಿಲ್ಲ" ಅಂದ. ಪೀಠಿಕೆ ಹಾಕಬೇಕೆಂದಿದ್ದ, ಹಾಕಲಾಗಲಿಲ್ಲ.

"ಹೋಗ್ಲಿ ಬಿಡಿ ಅಣ್ಣಯ್ಯಾ" ಅಂದಳು ಅವಳು. "ನಮಗೋಸ್ಕರ ನೀವು ಅಷ್ಟು ದೂರ ಹೋಗಿ ಬಂದಿರಲ್ಲ, ಅದೇ ದೊಡ್ಡದು. ಊಟ ಆಯ್ತಾ?"

ಅವನು ಏನನ್ನೋ ಹೇಳಲು ಬಾಯಿ ತೆರೆದ. ಆವತ್ತು ನೀವು ಕರೆದಾಗ ನಾನು ಫೋನಿನ ಎದುರಿಗೇ ಇದ್ದೆ, ನೋಡುತ್ತ ನಿಂತಿದ್ದೆ. ಇಷ್ಟೇ ಮಾತು. ಕನ್ನಡದಲ್ಲಿ ಹುಟ್ಟಿತು. ತೆಲುಗಾಗಲಿಲ್ಲ.

"ಹುಡುಗಿ ಇದ್ದಾಳಾ? ನಾನೇ ಒಂದು ಮಾತು ಹೇಳ್ತೀನಿ" ಅಂದ ಕೊನೆಗೆ.

ಗಾಳಿಯ ನಡುವೆ ತಾಯಿ ಹೇಳಿದಳು. ಕಾಕಿನಾಡ ಕಡೆಯ ಸೀಗಡಿ ಸುಲಿಯುವ ಶೆಡ್ಡಿನವರು ಹೆಣ್ಣುಮಕ್ಕಳು ಬೇಕೆಂದು ಊರೂರಿಗೆ ವ್ಯಾನು ಕಳಿಸಿದ್ದರಂತೆ. ಇರಲು ಅಲ್ಲೇ ಜಾಗ, ಆರು ತಿಂಗಳು ಮನೆಗೆ ಬರುವ ಹಾಗಿಲ್ಲ. ಶನಿವಾರದ ತನಕ ತಡಿ, ಅಣ್ಣಯ್ಯ ಕಾಗದ ತರುತ್ತಾರೆ ಎಂದು ತಾಯಿ ಕೈ ಹಿಡಿದಳಂತೆ. ಹುಡುಗಿ ಜಗಳ ಆಡಲಿಲ್ಲ, ಅಳಲಿಲ್ಲ, ಎರಡು ಜೊತೆ ಬಟ್ಟೆ ಚೀಲಕ್ಕೆ ತುರುಕಿಕೊಂಡು ಹಿಂದಿನ ಸೀಟಿನಲ್ಲಿ ಉಳಿದ ಹುಡುಗಿಯರ ನಡುವೆ ಒತ್ತಿಕೊಂಡು ಕೂತಳಂತೆ. ಸಾಯಿಪ್ರಿಯಾ ಹೋದದ್ದು ಗುರುವಾರ, ಇನ್ನೂ ಬೆಳಕು ಹರಿಯುವ ಮುಂಚೆ.